ಪಿಯುಸಿಯಲ್ಲಿ ಗಣಿತ ಓದಿಲ್ಲ. ಅರ್ಥಶಾಸ್ತ್ರ, ನೀತಿ, ವ್ಯವಹಾರ ಮೂರನ್ನೂ ಓದಬಹುದೇ?

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಹಳ್ಳಿಯವಳು. ಜಮಖಂಡಿಯಲ್ಲಿ ದ್ವಿತೀಯ ಪಿಯುಸಿ ಕಾಮರ್ಸ್ ಓದುತ್ತಿದ್ದೇನೆ. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ನನ್ನ ವಿಷಯಗಳು, ಗಣಿತ ಇಲ್ಲ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಅಪ್ಪನಿಗೆ ನಾಲ್ಕು ಎಕರೆ ಕಬ್ಬು ಇದೆ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ದರಕ್ಕಾಗಿ ರೈತರು ಕೂತಾಗ, ಈ ದರ ಯಾರು, ಯಾವ ಲೆಕ್ಕದ ಮೇಲೆ ಗೊತ್ತು ಮಾಡುತ್ತಾರೆ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು. ಸರ್ಕಾರದ ನೀತಿ, ಅರ್ಥಶಾಸ್ತ್ರ, ವ್ಯವಹಾರ ಮೂರನ್ನೂ ಸೇರಿಸಿ ಓದುವ ಡಿಗ್ರಿ ಬೇಕು. ನಮ್ಮ ಕಾಕಾ ‘ಬಿಎ ಮಾಡಿದವರು ಊರಾಗ ಎಷ್ಟ್ ಮಂದಿ ಖಾಲಿ ಕುಂತಾರ ನೋಡು, ಸುಮ್ನ ಬಿಕಾಂ ಮಾಡು’ ಅಂತಾರೆ. ನಮಗೆ 371ಜೆ ಮೀಸಲಾತಿ ಇದೆ ಅಂತಲೂ ಅವರೇ ಹೇಳಿದರು. ಬೆಳಗಾವಿಯ ಒಬ್ಬ ಏಜೆಂಟರು ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯದಲ್ಲಿ ‘ಬಿಎ ಪಬ್ಲಿಕ್ ಪಾಲಿಸಿ’ ಸೀಟು ಕೊಡಿಸುತ್ತೇವೆ, ವರ್ಷಕ್ಕೆ 2.4 ಲಕ್ಷ, ಮೊದಲು 25,000 ಅಡ್ವಾನ್ಸ್ ಕಟ್ಟಿ ಅಂತ ಬೆನ್ನು ಹತ್ತಿದ್ದಾರೆ. ಮನೆಯಿಂದ ವರ್ಷಕ್ಕೆ 80,000 ರೂಪಾಯಿ ಮೀರಿ ಆಗುವುದಿಲ್ಲ. ಗಣಿತ ಇಲ್ಲದ್ದಕ್ಕೆ ನನ್ನ ದಾರಿ ಮುಚ್ಚಿತೇ?

ಉತ್ತರ: ನೀವು ಕೇಳಿರುವುದು ನಾಲ್ಕಾರು ಪ್ರಶ್ನೆ, ಆದರೆ ಅಳಕು ಒಂದೇ. ಹದಿನಾರರ ವಯಸ್ಸಿನಲ್ಲಿ ಪಿಯು ಕಾಲೇಜಿನ ಕೌಂಟರಿನಲ್ಲಿ ಟಿಕ್ ಹಾಕಿದ ನಾಲ್ಕು ವಿಷಯ ಮುಂದಿನ ನಲವತ್ತು ವರ್ಷವನ್ನು ಕಟ್ಟಿಹಾಕಿತೇ ಎಂಬುದು. ಕಟ್ಟಿಹಾಕಿಲ್ಲ. ಆದರೆ ಗಣಿತವನ್ನು ಬಿಟ್ಟು ಈ ದಾರಿಯಲ್ಲಿ ಬಹಳ ದೂರ ಹೋಗಲಾಗದು ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಅದನ್ನು ಯಾವಾಗ, ಹೇಗೆ ತುಂಬಿಕೊಳ್ಳುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಅದಕ್ಕೂ ಮೊದಲು ಎರಡು ಮಾತು. ಏಜೆಂಟರಿಗೆ 25,000 ಕಟ್ಟಬೇಡಿ. ಕಾರಣ ಮುಂದೆ ಇದೆ. ಎರಡನೆಯದು, 371ಜೆ ನಿಮಗೆ ಅನ್ವಯವಾಗುವುದಿಲ್ಲ. ಅದು ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಮಾತ್ರ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಆ ಪಟ್ಟಿಯಲ್ಲಿಲ್ಲ. ಅದನ್ನು ನಂಬಿ ಅರ್ಜಿಯಲ್ಲಿ ಗುರುತು ಹಾಕಿದರೆ ದಾಖಲೆ ಪರಿಶೀಲನೆಯ ದಿನ ತೊಂದರೆಯಾಗುತ್ತದೆ.

ನಿಮ್ಮಪ್ಪನ ಕಬ್ಬಿನ ಬಿಲ್ಲಿನಲ್ಲೇ ಮೂರೂ ವಿಷಯ

ಮೂರು ವಿಷಯಗಳ ನಡುವಿನ ವ್ಯತ್ಯಾಸವನ್ನು ಹೇಳಲು ನೀವೇ ಎತ್ತಿದ ಕಬ್ಬಿನ ದರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಕೇಂದ್ರ ಸರ್ಕಾರ ಕೃಷಿ ವೆಚ್ಚ ಮತ್ತು ದರ ಆಯೋಗದ ಶಿಫಾರಸಿನ ಮೇಲೆ ಪ್ರತಿ ಹಂಗಾಮಿಗೆ ಎಫ್‌ಆರ್‌ಪಿ, ಅಂದರೆ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ಗೊತ್ತು ಮಾಡುತ್ತದೆ. 2025–26ರ ಹಂಗಾಮಿಗೆ ಅದು ಶೇ 10.25 ಸಕ್ಕರೆ ಇಳುವರಿಗೆ (ನುರಿಸಿದ ಕಬ್ಬಿನಲ್ಲಿ ಸಿಗುವ ಸಕ್ಕರೆಯ ಪಾಲು) ಕ್ವಿಂಟಲ್‌ಗೆ 355 ರೂಪಾಯಿ, ಟನ್ನಿಗೆ 3,550. ಇಳುವರಿ ಶೇ 0.1ರಷ್ಟು ಏರಿದರೆ ಕ್ವಿಂಟಲ್‌ಗೆ 3.46 ರೂಪಾಯಿ ಜಾಸ್ತಿ, ಇಳಿದರೆ ಅಷ್ಟೇ ಕಡಿಮೆ. ಶೇ 9.5ಕ್ಕಿಂತ ಕೆಳಗೆ ಹೋದರೆ ಮಾತ್ರ ಮತ್ತೆ ಕಡಿತವಿಲ್ಲ, 329.05ಕ್ಕೆ ನಿಲ್ಲುತ್ತದೆ. ನಿಮ್ಮ ಭಾಗದ ಕಾರ್ಖಾನೆಯ ಇಳುವರಿ ಶೇ 11.25 ಎಂದುಕೊಳ್ಳಿ. ಹತ್ತು ಹೆಜ್ಜೆ ಮೇಲೆ ಹೋದಂತಾಯಿತು, 34.60 ಕೂಡಿದರೆ ಕ್ವಿಂಟಲ್‌ಗೆ 389.60, ಟನ್ನಿಗೆ 3,896. ಆದರೆ ಅಪ್ಪನ ಖಾತೆಗೆ ಅಷ್ಟು ಬರುವುದಿಲ್ಲ, ಏಕೆಂದರೆ ಕಟಾವು ಮತ್ತು ಸಾಗಣೆ ವೆಚ್ಚ ಅದರೊಳಗೇ ಇದೆ. ಅದು ಟನ್ನಿಗೆ 850 ಎಂದು ಹಿಡಿದರೆ ಕೈಗೆ ಬರುವುದು 3,046. ಗುರ್ಲಾಪುರದಲ್ಲಿ ರೈತರು ಹೀಗೆ ಕೈಗೆ ಬರಬೇಕೆಂದು ಕೇಳಿದ್ದು 3,500, ಕೊನೆಗೆ ಸರ್ಕಾರ ಘೋಷಿಸಿದ್ದು 3,300. ‘3,896 ಕೊಡ್ತಿದ್ದಾರಲ್ಲ, ಮತ್ತೇಕೆ ಹೋರಾಟ’ ಎಂದು ಪೇಟೆಯವರು ಕೇಳಿದ್ದಕ್ಕೂ ‘ಕೈಗೆ ಎಷ್ಟು ಬಂತು’ ಎಂದು ರೈತರು ತಿರುಗಿ ಕೇಳಿದ್ದಕ್ಕೂ ನಡುವಿನ ಅಂತರ ಈ 850.

ಇಲ್ಲಿ ನೀತಿ ಓದುವವರು ಕೇಳುವ ಪ್ರಶ್ನೆ: ದರ ಗೊತ್ತು ಮಾಡುವ ಅಧಿಕಾರ ಕೇಂದ್ರಕ್ಕೆ ಎಲ್ಲಿಂದ ಬಂತು? 1966ರ ಕಬ್ಬು ನಿಯಂತ್ರಣ ಆದೇಶದಿಂದ. ಅದೇ ಆದೇಶ 14 ದಿನದಲ್ಲಿ ಬಿಲ್ಲು ಕೊಡಬೇಕು, ತಡವಾದರೆ ಶೇ 15 ಬಡ್ಡಿ ಸೇರಿಸಬೇಕು ಎನ್ನುತ್ತದೆ. ಹಾಗಿದ್ದರೂ ಬಾಕಿ ಏಕೆ ಉಳಿಯುತ್ತದೆ, ವಸೂಲಿ ಮಾಡಿಸಬೇಕಾದವರು ಯಾರು, ರಾಜ್ಯ ಸರ್ಕಾರ ಮಧ್ಯೆ ಬಂದು ಬೇರೆ ದರ ಹೇಳಿದರೆ ಆ ಹೆಚ್ಚುವರಿ ಹಣ ಯಾರ ಜೇಬಿನಿಂದ ಬರಬೇಕು, ಇವೆಲ್ಲ ನೀತಿಯ ಪಾಠ.

ಅರ್ಥಶಾಸ್ತ್ರ ಓದುವವರಿಗೆ ಕಾಣುವುದೇ ಬೇರೆ. ಲೆಕ್ಕಕ್ಕೆ ಹಿಡಿಯುವ ಇಳುವರಿ ಇಡೀ ಕಾರ್ಖಾನೆಯ ಸರಾಸರಿ, ನಿಮ್ಮ ಹೊಲದ ಕಬ್ಬಿನದಲ್ಲ. ಹಾಗಾಗಿ ಒಬ್ಬ ರೈತ ಕಷ್ಟಪಟ್ಟು ಸಿಹಿ ಹೆಚ್ಚಿರುವ ತಳಿ ಹಾಕಿದರೆ ಅದರ ಲಾಭ ಸಾವಿರಾರು ಜನರಿಗೆ ಹಂಚಿಹೋಗುತ್ತದೆ. ತೂಕ ಹೆಚ್ಚು ಬರುವ ತಳಿ ಹಾಕಿದರೆ ಲಾಭ ಪೂರ್ತಿ ಅವನದೇ. ರೈತ ಯಾವುದನ್ನು ಆರಿಸುತ್ತಾನೆ ಎಂದು ಹೇಳಬೇಕಾಗಿಲ್ಲ. ಇನ್ನೊಂದು, ಕಡಿದ ಕಬ್ಬು ಹೊಲದಲ್ಲಿ ಬಿದ್ದಷ್ಟೂ ತೂಕವೂ ಸಿಹಿಯೂ ಕಳೆಯುತ್ತದೆ. ಹೊಸ ಕಾರ್ಖಾನೆಗೆ ಹಳೆಯದರಿಂದ ಕನಿಷ್ಠ 15 ಕಿಲೋಮೀಟರ್ ಅಂತರ ಬೇಕೆಂಬ ನಿಯಮ ಬೇರೆ ಇದೆ. ಮಾರುವವರು ಸಾವಿರಾರು ಜನ, ಕೊಳ್ಳುವವರು ಒಬ್ಬಿಬ್ಬರು, ಕಾಯುವಂತಿಲ್ಲ. ಇಂಥ ಮಾರುಕಟ್ಟೆಯಲ್ಲಿ ದರ ತಾನಾಗಿ ನ್ಯಾಯವಾಗಿ ಕೂರುವುದಿಲ್ಲ ಎಂಬುದನ್ನು ಅರ್ಥಶಾಸ್ತ್ರ ಲೆಕ್ಕ ಹಾಕಿ ತೋರಿಸುತ್ತದೆ.

ವ್ಯವಹಾರ ಓದಿದವರು ಕಾರ್ಖಾನೆಯ ಕ್ಯಾಶ್‌ಬುಕ್ ತೆರೆಯುತ್ತಾರೆ. ಕಬ್ಬು ನುರಿಸುವುದು ನಾಲ್ಕೈದು ತಿಂಗಳು, ಸಕ್ಕರೆ ಮಾರುವುದು ವರ್ಷಪೂರ್ತಿ; ಅದೂ ತಿಂಗಳಿಗೆ ಇಷ್ಟೇ ಮಾರಬೇಕೆಂಬ ಕೇಂದ್ರದ ಕೋಟಾದೊಳಗೆ. ಹಣ ಹೊರಹೋಗುವುದು 14 ದಿನದಲ್ಲಿ, ಒಳಬರುವುದು 12 ತಿಂಗಳಲ್ಲಿ. ಈ ನಡುವಿನ ಹೊಂಡವನ್ನು ಸಕ್ಕರೆ ದಾಸ್ತಾನು ಒತ್ತೆಯಿಟ್ಟ ಬ್ಯಾಂಕ್ ಸಾಲದಿಂದ ತುಂಬಬೇಕು. ಬಾಕಿ ಹುಟ್ಟುವ ಒಂದು ಜಾಗ ಇದು.

ಒಂದೇ ಬಿಲ್ಲನ್ನು ಮೂರು ಕಡೆಯಿಂದ ಓದಬಲ್ಲವರು ನಮ್ಮ ಜಿಲ್ಲೆಗಳಿಗೆ ನಿಜವಾಗಿಯೂ ಬೇಕು. ಈಗ ಈ ಸಾಲನ್ನು ನೋಡಿ: ಟನ್ನಿನ ದರ = 3,550 + 346 × (ಇಳುವರಿ − 10.25). ಇದು ಹನ್ನೊಂದನೆಯ ತರಗತಿಯ ಗಣಿತದಲ್ಲಿ ಬರುವ ಸರಳರೇಖೆ. 346 ಅದರ ಇಳಿಜಾರು. ಶೇ 9.5ರ ಕೆಳಗೆ ರೇಖೆ ಮಟ್ಟಸವಾಗುತ್ತದೆ, ಇಳಿಜಾರು ಸೊನ್ನೆ. ಅಂದರೆ ಅಲ್ಲಿಂದ ಕೆಳಗೆ ಇಳುವರಿ ಎಷ್ಟು ಕುಸಿದರೂ ರೈತನ ದರ ಕದಲುವುದಿಲ್ಲ. ಗಣಿತ ಈ ಓದಿನೊಳಗೆ ಬರುವುದು ಹೀಗೆ. ಬ್ರಹ್ಮವಿದ್ಯೆ ಏನಲ್ಲ, ಆದರೆ ತಪ್ಪಿಸಿಕೊಳ್ಳಲೂ ಆಗದು.

ಮೂರನ್ನೂ ಸೇರಿಸಿದ ಡಿಗ್ರಿ ಇದೆಯೇ?

ಹೆಸರಿಗೆ ಇದೆ. ಆದರೆ ನಮ್ಮ ದೇಶದಲ್ಲಿ ಸಾರ್ವಜನಿಕ ನೀತಿ ಎಂಬುದು ಮುಖ್ಯವಾಗಿ ಸ್ನಾತಕೋತ್ತರ ಹಂತದ ಓದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2014ರಿಂದ ನಡೆಸುತ್ತಿರುವ ಎರಡು ವರ್ಷದ ನೀತಿ ಪದವಿಗೆ ಯಾವುದೇ ವಿಷಯದ ಡಿಗ್ರಿಯವರೂ ಅರ್ಜಿ ಹಾಕಬಹುದು. ಅಂಥ ಕಡೆ ಆಯ್ಕೆಯಲ್ಲಿ ನೋಡುವುದು ನೀವು ಒಂದು ವಾದವನ್ನು ಅಂಕಿಅಂಶದ ಮೇಲೆ ನಿಲ್ಲಿಸಬಲ್ಲಿರಾ ಎಂಬುದನ್ನು. ಹಾಗಾಗಿ ಡಿಗ್ರಿ ಹಂತದಲ್ಲಿ ‘ಪಾಲಿಸಿ’ ಎಂಬ ಪದಕ್ಕೆ ವರ್ಷಕ್ಕೆ ಎರಡೂವರೆ ಲಕ್ಷ ಸುರಿಯುವ ಅಗತ್ಯ ಬಹುಪಾಲು ವಿದ್ಯಾರ್ಥಿಗಳಿಗೆ ಇಲ್ಲ, ನಿಮಗಂತೂ ಖಂಡಿತ ಇಲ್ಲ.

ಡಿಗ್ರಿಯ ಹೆಸರು ಬಿಟ್ಟು ಆರು ಸೆಮಿಸ್ಟರಿನ ಪಠ್ಯಕ್ರಮ ತೆಗೆದು ಮುಂದಿಟ್ಟುಕೊಳ್ಳಿ. ವಿಶ್ವವಿದ್ಯಾಲಯಗಳ ಜಾಲತಾಣದಲ್ಲಿ ಸಿಗುತ್ತದೆ. ಪೆನ್ಸಿಲ್ ಹಿಡಿದು ಎಣಿಸಿ: ಸೂಕ್ಷ್ಮ ಅರ್ಥಶಾಸ್ತ್ರ ಎರಡು ಪತ್ರಿಕೆ ಇದೆಯೇ, ಸಮಗ್ರ ಅರ್ಥಶಾಸ್ತ್ರ ಎರಡು ಇದೆಯೇ, ಸಾರ್ವಜನಿಕ ಹಣಕಾಸು ಒಂದಾದರೂ ಇದೆಯೇ. ಆಮೇಲೆ ಮುಖ್ಯವಾದದ್ದು: ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತ, ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್ (ಆರ್ಥಿಕ ಸಂಬಂಧಗಳನ್ನು ಅಂಕಿಅಂಶದಿಂದ ಅಳೆಯುವ ವಿಷಯ) ಮೂರೂ ಕೂಡಿ ಕನಿಷ್ಠ ಮೂರು ಪತ್ರಿಕೆ ಆಗುತ್ತವೆಯೇ. ಆಗದಿದ್ದರೆ ಆ ಕೊರತೆಯನ್ನು ಹೊರಗಿನಿಂದ ನೀವೇ ತುಂಬಿಕೊಳ್ಳಬೇಕಾಗುತ್ತದೆ. ದುಬಾರಿ ಶುಲ್ಕದ ಎಷ್ಟೋ ‘ನೀತಿ’ ಪದವಿಗಳು ಈ ಎಣಿಕೆಯಲ್ಲೇ ಸೋಲುತ್ತವೆ. ನಾಯಕತ್ವ, ಸಂವಹನ ಎಂಬ ಪತ್ರಿಕೆಗಳೇ ತುಂಬಿಕೊಂಡಿರುತ್ತವೆ.

ಕಾಕಾ ಅವರ ಮಾತಿಗೆ ಬರೋಣ. ಕೆಎಎಸ್, ಪಿಡಿಒ, ಬ್ಯಾಂಕ್ ಪರೀಕ್ಷೆ ಎಲ್ಲಕ್ಕೂ ಯಾವುದಾದರೂ ಪದವಿ ಸಾಕು. ಅಲ್ಲಿ ಬಿಎಗೂ ಬಿಕಾಂಗೂ ಭೇದವಿಲ್ಲ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ 60 ಅಂಕ ಬೇಕು, ಯಾವ ಪದವಿ ಎಂದು ಕೇಳುವುದಿಲ್ಲ. ಬಿಕಾಂನ ಮೇಲುಗೈ ಬೇರೆ ಕಡೆ ಇದೆ. ಲೆಕ್ಕ ಬರೆಯುವುದು, ಜಿಎಸ್‌ಟಿ, ಟ್ಯಾಲಿ ಗೊತ್ತಿದ್ದರೆ ಬನಹಟ್ಟಿಯ ನೇಕಾರಿಕೆ ವ್ಯಾಪಾರಿಯಿಂದ ಹಿಡಿದು ಸೌಹಾರ್ದ ಸಹಕಾರಿಯವರೆಗೆ ಮೊದಲ ಕೆಲಸ ಬೇಗ ಸಿಗುತ್ತದೆ. ಸಿಎ ಕೋರ್ಸಿಗೆ ಬಿಕಾಂನವರು ಶೇ 55 ಇದ್ದರೆ ಫೌಂಡೇಶನ್ ಪರೀಕ್ಷೆ ಇಲ್ಲದೆ ನೇರ ಸೇರಬಹುದು, ಬಿಎಯವರಿಗೆ ಶೇ 60 ಬೇಕು. ಅದೇ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯೇ ಬೇಕು. ಅಲ್ಲಿಗೆ ಬಿಎ ಅರ್ಥಶಾಸ್ತ್ರದ ದಾರಿ ನೇರ. ಹೀಗಾಗಿ ಕಾಕಾ ಹೇಳಿದ್ದು ಸುಳ್ಳಲ್ಲ. ಊರಲ್ಲಿ ಬಿಎ ಮಾಡಿ ಖಾಲಿ ಕೂತವರು ಇದ್ದಾರೆ. ಅವರಲ್ಲಿ ಹೆಚ್ಚಿನವರು ಮೂರು ವರ್ಷ ಗೈಡ್ ಬಾಯಿಪಾಠ ಮಾಡಿ, ಒಂದು ಕೋಷ್ಟಕವನ್ನೂ ತಾವಾಗಿ ಕಟ್ಟದೆ ಹೊರಬಂದವರು. ಅದೇ ರೀತಿ ಓದಿದ ಬಿಕಾಂ ಪದವೀಧರರ ಗತಿಯೂ ಬೇರೆಯಿಲ್ಲ.

ಇನ್ನೊಂದು ಭಯವನ್ನೂ ಇಲ್ಲೇ ಕಳೆಯಬೇಕು. ಕರ್ನಾಟಕದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ ಹೋಗಿ, 2024–25ರಿಂದ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ಇದರಿಂದ ಹಿಂದೆ ಬೀಳುತ್ತೇವೆ ಎಂದು ಏಜೆಂಟರು ಹೆದರಿಸುತ್ತಾರೆ. ಮೂರು ವರ್ಷದ ಡಿಗ್ರಿ, ಎರಡು ವರ್ಷದ ಎಂಎ ಸೇರಿ ಐದು; ನಾಲ್ಕು ವರ್ಷದ ಆನರ್ಸ್, ಒಂದು ವರ್ಷದ ಎಂಎ ಸೇರಿಯೂ ಐದೇ. ವ್ಯತ್ಯಾಸ ಕಾಣುವುದು ಡಿಗ್ರಿ ಮುಗಿದ ಕೂಡಲೇ ವಿದೇಶಕ್ಕೆ ಹೋಗುವವರಿಗೆ. ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳು 16 ವರ್ಷದ ಓದು ಕೇಳುತ್ತವೆ.

ಗಣಿತ

ಮೊದಲು ಎಲ್ಲೆಲ್ಲಿ ಅಡ್ಡ ಬರುತ್ತದೆ ನೋಡೋಣ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಕಾಲೇಜುಗಳಲ್ಲಿ ಬಿಎ ಅರ್ಥಶಾಸ್ತ್ರಕ್ಕಾಗಲಿ ಬಿಕಾಂಗಾಗಲಿ ಪಿಯು ಗಣಿತ ಕೇಳುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಬಿಎ ಆನರ್ಸ್ ಅರ್ಥಶಾಸ್ತ್ರಕ್ಕೆ ಸಿಯುಇಟಿ ಎಂಬ ರಾಷ್ಟ್ರೀಯ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಬರೆಯಲೇಬೇಕು. ಬೆಂಗಳೂರಿನಲ್ಲಿ 2017ರಲ್ಲಿ ಆರಂಭವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾಲಯ ರಾಜ್ಯ ಸರ್ಕಾರದ್ದೇ, ಪೂರ್ತಿ ಅರ್ಥಶಾಸ್ತ್ರಕ್ಕೆ ಮೀಸಲಾದದ್ದು. ಅಲ್ಲಿನ ಓದು ಗಣಿತದ ಮೇಲೇ ನಿಂತಿರುವುದರಿಂದ ಪ್ರವೇಶ ಪ್ರಕಟಣೆಯ ಅರ್ಹತೆಯ ಸಾಲನ್ನು ಎರಡು ಸಲ ಓದಿ. ಆಮೇಲೆ ನಿಜವಾದ ಗೋಡೆ ಎದುರಾಗುವುದು ಡಿಗ್ರಿ ಮುಗಿದ ಮೇಲೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಮುಂಬೈನ ಇಂದಿರಾಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ, ಭಾರತೀಯ ಸಾಂಖ್ಯಿಕ ಸಂಸ್ಥೆ ಇಂಥ ಕಡೆ ಎಂಎ ಅಥವಾ ಎಂಎಸ್ಸಿಗೆ ಹೋಗಬೇಕೆಂದರೆ ಕಲನಶಾಸ್ತ್ರ (ಕ್ಯಾಲ್ಕುಲಸ್), ಮಾತೃಕೆ (ಮ್ಯಾಟ್ರಿಕ್ಸ್), ಸಂಭವನೀಯತೆ ಗೊತ್ತಿರಬೇಕು. ಬಿಎಯಲ್ಲಿ ಶೇ 85 ತೆಗೆದವರೂ ಈ ಗೋಡೆಗೆ ಬಂದು ನಿಂತುಬಿಡುತ್ತಾರೆ, ಏಕೆಂದರೆ ಮೂರು ವರ್ಷ ಯಾರೂ ಅವರಿಗೆ ಅದನ್ನು ಹೇಳಿರುವುದಿಲ್ಲ. ಈ ಭಾಗದ ಮಕ್ಕಳಿಗೆ ಆಗುವ ಅತಿ ದೊಡ್ಡ ನಷ್ಟ ಇದೇ ಎಂದು ನನಗೆ ಅನಿಸುತ್ತದೆ.

ತುಂಬಿಕೊಳ್ಳುವ ಕ್ರಮ ಹೀಗೆ. ದಿನಕ್ಕೆ 75 ನಿಮಿಷ, ವಾರಕ್ಕೆ ಆರು ದಿನ, ಸುಮಾರು 15 ತಿಂಗಳು. ಮೊದಲ ಆರು ವಾರ ಹೊಸದೇನೂ ಬೇಡ. ಎಂಟರಿಂದ ಹತ್ತನೆಯ ತರಗತಿಯ ಶೇಕಡ, ಅನುಪಾತ, ಘಾತಾಂಕ, ಅಪವರ್ತನ, ವರ್ಗ ಸಮೀಕರಣ ಮತ್ತೆ ಮಾಡಿ. ಕಾಮರ್ಸ್ ವಿದ್ಯಾರ್ಥಿಗಳು ಎಡವುವುದು ಕಲನಶಾಸ್ತ್ರದಲ್ಲಿ ಎಂದು ತಿಳಿಯುತ್ತಾರೆ, ಆದರೆ ಉತ್ತರ ಪತ್ರಿಕೆ ನೋಡಿದರೆ ತಪ್ಪಿರುವುದು ಬೀಜಗಣಿತದ ಬಿಡಿಸುವಿಕೆಯಲ್ಲಿ. ನಂತರ ನಾಲ್ಕು ತಿಂಗಳು ಪ್ರಥಮ ಪಿಯು ಪುಸ್ತಕದಿಂದ ಫಲನಗಳು (ಫಂಕ್ಷನ್), ನಕ್ಷೆ, ಸರಳರೇಖೆ, ಶ್ರೇಢಿಗಳು, ಜೊತೆಗೆ ಲಾಗರಿದಮ್. ಮತ್ತೆ ನಾಲ್ಕು ತಿಂಗಳು ಮಿತಿ, ಅವಕಲನ (ಡಿಫರೆನ್ಷಿಯೇಷನ್), ಗರಿಷ್ಠ–ಕನಿಷ್ಠ. ಇಲ್ಲಿ ಆತುರಪಡಬೇಡಿ, ಅರ್ಥಶಾಸ್ತ್ರದ ‘ಸೀಮಾಂತ’ ಎಂದು ಶುರುವಾಗುವ ಪ್ರತಿಯೊಂದು ಪದವೂ ಅವಕಲನವೇ. ಸೀಮಾಂತ ವೆಚ್ಚ ಎಂದರೆ ಒಟ್ಟು ವೆಚ್ಚದ ಅವಕಲ. ಆಮೇಲೆ ಎರಡು ತಿಂಗಳು ಮಾತೃಕೆ ಮತ್ತು ನಿರ್ಧಾರಕ, ಎರಡು ತಿಂಗಳು ಸಂಭವನೀಯತೆ, ಉಳಿದದ್ದು ಸರಳ ಅನುಕಲನ, ಲೀನಿಯರ್ ಪ್ರೋಗ್ರಾಮಿಂಗ್. ತ್ರಿಕೋನಮಿತಿಯ ಉದ್ದುದ್ದ ಲೆಕ್ಕ, ಶಂಕುಜಗಳು ಅರ್ಥಶಾಸ್ತ್ರಕ್ಕೆ ಹೆಚ್ಚು ಬೇಕಾಗುವುದಿಲ್ಲ. ಸಿಯುಇಟಿ ಬರೆಯುವವರು ಮಾತ್ರ ಅದರ ಪಠ್ಯಕ್ರಮಕ್ಕೆ ತಕ್ಕಂತೆ ಓದಬೇಕು.

ಕೆಡುವುದು ಎಲ್ಲಿ ಎಂದರೆ, ಯೂಟ್ಯೂಬ್‌ನಲ್ಲಿ ಲೆಕ್ಕ ಬಿಡಿಸುವುದನ್ನು ನೋಡಿ ‘ತಿಳಿಯಿತು’ ಎಂದುಕೊಳ್ಳುವುದರಲ್ಲಿ. ನೋಡಿದ ಪ್ರತಿ 20 ನಿಮಿಷಕ್ಕೆ 40 ನಿಮಿಷ ಕಾಗದದ ಮೇಲೆ ಸ್ವಂತ ಬಿಡಿಸಬೇಕು, ದಿನಕ್ಕೆ 12ರಿಂದ 15 ಲೆಕ್ಕ. ತಪ್ಪಿದ ಲೆಕ್ಕಕ್ಕೆ ಬೇರೆ ನೋಟ್‌ಬುಕ್ ಇಡಿ, ಹತ್ತು ದಿನ ಬಿಟ್ಟು ಉತ್ತರ ನೋಡದೆ ಮತ್ತೆ ಮಾಡಿ.

ಗಣಿತ ಓದಿದ್ದಕ್ಕೆ ಅಂಕಪಟ್ಟಿಯೇ ಬೇಕೆಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ಹನ್ನೆರಡನೆಯ ತರಗತಿಯ ಗಣಿತವನ್ನು ಒಂದೇ ವಿಷಯವಾಗಿ ಕಟ್ಟಿ ಬರೆಯುವ ಅವಕಾಶ ಇದೆ. ಇದರ ಅಪಾಯವೂ ಗೊತ್ತಿರಲಿ: ಎರಡು ಮಂಡಳಿಯ ಅಂಕಪಟ್ಟಿಯನ್ನು ಕೂಡಿಸಿ ಒಪ್ಪುವುದು ಬಿಡುವುದು ಆಯಾ ವಿಶ್ವವಿದ್ಯಾಲಯದ ನಿಯಮ. ಶುಲ್ಕ ಕಟ್ಟುವ ಮೊದಲು ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತು ದಾಖಲೆಯಾಗುವುದಿಲ್ಲ.

ನಿಮ್ಮ ಮುಂದಿರುವ ದಾರಿಗಳು

ಊರ ಹತ್ತಿರ ಬಿಕಾಂ. ಖರ್ಚು ಕಡಿಮೆ, ಶಕ್ತಿ ಯೋಜನೆಯಿಂದ ನಿಮಗೆ ಮುಧೋಳ–ಜಮಖಂಡಿ ಬಸ್ಸಿನ ಖರ್ಚೂ ಇಲ್ಲ. ಪಿಯುಸಿಯ ಲೆಕ್ಕಶಾಸ್ತ್ರ ಮುಂದುವರಿಯುತ್ತದೆ. ಕೊರತೆ ಏನೆಂದರೆ ಅರ್ಥಶಾಸ್ತ್ರ ಒಂದೆರಡು ಪತ್ರಿಕೆಗೆ ಮುಗಿದುಹೋಗುತ್ತದೆ, ನೀತಿ ಅನ್ನುವುದು ಬರುವುದೇ ಇಲ್ಲ. ಮುಂದೆ ಎಂಎ ಅರ್ಥಶಾಸ್ತ್ರಕ್ಕೆ ಹೋಗಬೇಕೆಂದರೆ ಗಣಿತದ ಜೊತೆ ಅರ್ಥಶಾಸ್ತ್ರವನ್ನೂ ತುಂಬಿಕೊಳ್ಳಬೇಕು.

ಬಿಎ, ಅರ್ಥಶಾಸ್ತ್ರವನ್ನು ಒಂದು ಮುಖ್ಯ ವಿಷಯವಾಗಿ ಇಟ್ಟುಕೊಂಡು. ಜೊತೆಗೆ ಸಂಖ್ಯಾಶಾಸ್ತ್ರ ಸಿಕ್ಕರೆ ಬಿಡಬೇಡಿ; ಇಲ್ಲದಿದ್ದರೆ ರಾಜ್ಯಶಾಸ್ತ್ರ. ಈ ದಾರಿಯ ಅಪಾಯ ಪ್ರಾಸ್ಪೆಕ್ಟಸ್‌ನಲ್ಲಿ ಕಾಣುವುದಿಲ್ಲ. ಕಾಂಬಿನೇಷನ್ ಕಾಗದದಲ್ಲಿ ಇರುತ್ತದೆ, ವಿದ್ಯಾರ್ಥಿಗಳು ಸಾಲದೆ ನಡೆಯುತ್ತಿರುವುದಿಲ್ಲ. ಅತಿಥಿ ಉಪನ್ಯಾಸಕರ ನೇಮಕ ತಡವಾಗಿ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುತ್ತವೆ. ಆದ್ದರಿಂದ ಸೇರುವ ಮೊದಲು ಖುದ್ದಾಗಿ ಕಾಲೇಜಿಗೆ ಹೋಗಿ, ಕಚೇರಿಯಲ್ಲಿ ಕೇಳುವುದಕ್ಕಿಂತ ಅಲ್ಲಿನ ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿ: ಈ ವಿಷಯಕ್ಕೆ ಕಾಯಂ ಅಧ್ಯಾಪಕರು ಎಷ್ಟು ಜನ, ಕಂಪ್ಯೂಟರ್ ಕೊಠಡಿಯ ಬೀಗ ವಾರಕ್ಕೆ ಎಷ್ಟು ದಿನ ತೆರೆಯುತ್ತದೆ, ಗ್ರಂಥಾಲಯ ಸಂಜೆ ಎಷ್ಟು ಹೊತ್ತಿನವರೆಗೆ. ಬೆಳಗಾವಿ, ವಿಜಯಪುರ, ಧಾರವಾಡದ ದೊಡ್ಡ ಕಾಲೇಜುಗಳಲ್ಲಿ ಆಯ್ಕೆ ಹೆಚ್ಚು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವನ್ನೂ ನೋಡಿ. ಧಾರವಾಡದ ಒಂದು ವಿಶೇಷ ಹೇಳಲೇಬೇಕು: ಪ್ರಾದೇಶಿಕ ಅಸಮಾನತೆ ಕುರಿತು 2002ರಲ್ಲಿ ವರದಿ ಕೊಟ್ಟ, 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆ ಎಂದು ಅಂಕಿ ಮುಂದಿಟ್ಟು ತೋರಿಸಿದ ಡಿ.ಎಂ. ನಂಜುಂಡಪ್ಪ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದವರು. ಆ ವರದಿ ತಾಲ್ಲೂಕುಗಳನ್ನು ಅಳೆದ ಸೂಚ್ಯಂಕ ಹೇಗೆ ಕಟ್ಟಿದೆ ಎಂದು ಕೂತು ಓದುವುದೇ ನೀತಿಯ ಒಂದು ಪೂರ್ತಿ ಪತ್ರಿಕೆಗೆ ಸಮ.

ಸಿಯುಇಟಿ ಬರೆದು ಹೊರಗೆ ಹೋಗುವುದು. ಒಂದು ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ. ಸರಿಗೆ 5 ಅಂಕ, ತಪ್ಪಿಗೆ 1 ಕಡಿತ. ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಆರಿಸಿಕೊಳ್ಳಬಹುದು ಎಂಬುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಕಡಿತಕ್ಕೆ ಹೆದರಿ ಖಾಲಿ ಬಿಡುವುದು ಇನ್ನೊಂದು ತಪ್ಪು. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒಂದಕ್ಕೆ ಗುರುತು ಹಾಕಿದರೂ ಸರಾಸರಿ ಫಲ ಅರ್ಧ ಅಂಕ ಲಾಭ: ಕಾಲು ಭಾಗ ಸಲ 5 ಬಂದರೆ 1.25, ಮುಕ್ಕಾಲು ಭಾಗ ಸಲ 1 ಹೋದರೆ 0.75. ಒಂದು ಆಯ್ಕೆಯನ್ನು ತಳ್ಳಿಹಾಕಲು ಆದರೆ ಲಾಭ 1 ಅಂಕಕ್ಕೆ ಏರುತ್ತದೆ. ಅರ್ಜಿಗಳು ಸಾಮಾನ್ಯವಾಗಿ ಪಿಯು ಪರೀಕ್ಷೆಗೂ ಮುಂಚೆ ಕರೆಯುತ್ತಾರೆ, ಫಲಿತಾಂಶಕ್ಕೆ ಕಾದವರು ತಪ್ಪಿಸಿಕೊಳ್ಳುತ್ತಾರೆ. ಸೀಟು ಸಿಕ್ಕ ಮೇಲಿನ ಖರ್ಚನ್ನೂ ಈಗಲೇ ಬರೆದು ನೋಡಿ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಶುಲ್ಕಕ್ಕಿಂತ ದೆಹಲಿಯ ಬಾಡಿಗೆ, ಊಟವೇ ನಿಮ್ಮ 80,000ವನ್ನು ದಾಟಿಸುತ್ತದೆ. ಇದರಾಚೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಖಾಸಗಿಯಾದರೂ ಕುಟುಂಬದ ಆದಾಯ ನೋಡಿ ಶುಲ್ಕ, ವಸತಿಗೆ ನೆರವು ಕೊಡುತ್ತದೆ. ಪ್ರವೇಶ ಪರೀಕ್ಷೆ ಅವರದೇ. ನಿಮ್ಮಂಥವರು ಅರ್ಜಿ ಹಾಕದೆ ಬಿಡಬಾರದ ಜಾಗ ಅದು.

ಸಾಲ ಮಾಡಿ ಖಾಸಗಿ ‘ನೀತಿ’ ಡಿಗ್ರಿ. ವರ್ಷಕ್ಕೆ 2.4 ಲಕ್ಷ ಎಂದರೆ ಮೂರು ವರ್ಷಕ್ಕೆ ಶುಲ್ಕವೇ 7.2 ಲಕ್ಷ, ಹಾಸ್ಟೆಲ್ ಬೇರೆ. ಅದರಲ್ಲಿ 6 ಲಕ್ಷ ಸಾಲ, ಶೇ 10.5 ಬಡ್ಡಿ, 7 ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 10,100 ರೂಪಾಯಿ. ಓದುವ ಅವಧಿಯ ಬಡ್ಡಿ ಕಟ್ಟದಿದ್ದರೆ ಅದೂ ಅಸಲಿಗೆ ಸೇರಿ ಕಂತು ಇನ್ನೂ ಏರುತ್ತದೆ. ಮೊದಲ ಕೆಲಸದ ಸಂಬಳದಲ್ಲಿ ಇಷ್ಟು ಕಂತು ಹೋದರೆ ಎಂಎ ಓದುವ ಯೋಚನೆಯೇ ನಿಂತುಹೋಗುತ್ತದೆ. ನಿಜವಾದ ನೀತಿ ಓದು ಶುರುವಾಗುವುದು ಅಲ್ಲಿಂದಲೇ ಎಂಬುದನ್ನು ಮರೆಯಬೇಡಿ.

ನಿಮ್ಮ ಜಾಗದಲ್ಲಿ ನಿಂತು ನೋಡಿದರೆ ನಾನು ಆರಿಸುವುದು ಎರಡನೆಯದನ್ನು: ಧಾರವಾಡ ಅಥವಾ ಬೆಳಗಾವಿಯಲ್ಲಿ ಅರ್ಥಶಾಸ್ತ್ರವಿರುವ ಬಿಎ, ಮೊದಲ ದಿನದಿಂದ ಗಣಿತ, ಜೊತೆಜೊತೆಗೆ ಈ ವರ್ಷವೇ ಸಿಯುಇಟಿ ಮತ್ತು ಅಜೀಂ ಪ್ರೇಮ್‌ಜಿ ಅರ್ಜಿ. ಸಿಕ್ಕರೆ ಹೋಗಿ, ಸಿಗದಿದ್ದರೆ ಬಿಎ ಕೈಯಲ್ಲಿದೆ. ಒಂದು ವರ್ಷ ಸುಮ್ಮನೆ ಗ್ಯಾಪ್ ತೆಗೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಕೂತ ಹೆಣ್ಣುಮಗಳ ಓದಿನ ಹೊತ್ತನ್ನು ಮನೆಗೆಲಸ ನುಂಗುತ್ತದೆ, ಸಂಬಂಧ ನೋಡುವ ಮಾತು ಶುರುವಾಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ.

ಕನ್ನಡ ಮಾಧ್ಯಮ, ಕಂಪ್ಯೂಟರ್, ಬಜೆಟ್ ಪುಸ್ತಕ

ಇಲ್ಲಿನ ಬಿಎಯಲ್ಲಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಬರೆಯಿರಿ, ಅದರಲ್ಲಿ ಕೀಳರಿಮೆ ಬೇಡ. ಆದರೆ ಓದಬೇಕಾದ ವರದಿಗಳು ಹೆಚ್ಚಿನವು ಇಂಗ್ಲಿಷಿನಲ್ಲಿವೆ. ಒಂದು ನೋಟ್‌ಬುಕ್‌ನಲ್ಲಿ ಎಡಕ್ಕೆ ಸೀಮಾಂತ ತುಷ್ಟಿಗುಣ, ಬಲಕ್ಕೆ ಮಾರ್ಜಿನಲ್ ಯುಟಿಲಿಟಿ, ಕೆಳಗೆ ಊರಿನದೊಂದು ಉದಾಹರಣೆ. ಹೀಗೆ ವಾರಕ್ಕೆ 15 ಪದ ಬರೆದರೆ ಎರಡು ಸೆಮಿಸ್ಟರಿನಲ್ಲಿ ಭಾಷೆಯ ಅಡ್ಡಿ ಬಹುಪಾಲು ಕರಗುತ್ತದೆ. ರಾಜ್ಯದ ಆರ್ಥಿಕ ಸಮೀಕ್ಷೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರುತ್ತದೆ. ಎರಡನ್ನೂ ಅಕ್ಕಪಕ್ಕ ತೆರೆದು ಒಂದೇ ಅಧ್ಯಾಯ ಓದುವುದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಮೊದಲ ಸೆಮಿಸ್ಟರಿನಲ್ಲೇ ಎಕ್ಸೆಲ್ ಕಲಿಯಿರಿ. ಅಗ್‌ಮಾರ್ಕ್‌ನೆಟ್ ತಾಣದಿಂದ ಬಾಗಲಕೋಟೆ ಎಪಿಎಂಸಿಯ ಗೋವಿನಜೋಳದ 24 ತಿಂಗಳ ದರ ಇಳಿಸಿ, ತಿಂಗಳ ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ ತೆಗೆದು, ಒಂದು ರೇಖಾಚಿತ್ರ ಎಳೆದು, ಸುಗ್ಗಿಯಲ್ಲಿ ದರ ಎಷ್ಟು ಬಿತ್ತು ಎಂದು ಒಂದು ಪುಟ ಬರೆಯಿರಿ. ಆವಕವೇ ಇಲ್ಲದ ದಿನ ದರದ ಕಾಲಂ ಖಾಲಿ ಇರುತ್ತದೆ. ಅದನ್ನು ಸೊನ್ನೆ ಎಂದು ಹಿಡಿದು ಸರಾಸರಿ ಕೆಡಿಸಿಕೊಳ್ಳುವುದು ಎಲ್ಲರೂ ಮಾಡುವ ಮೊದಲ ತಪ್ಪು. ಎರಡನೆಯ ವರ್ಷ ಬಜೆಟ್ ದಾಖಲೆಗೆ ಬನ್ನಿ, ನಿಮ್ಮ ಜಿಲ್ಲಾ ಪಂಚಾಯಿತಿಗೆ ಹೋಗುವ ಹಣದ ವಿವರವಿರುವ ‘ಲಿಂಕ್ ಡಾಕ್ಯುಮೆಂಟ್’ ತೆಗೆದು, ಒಂದೇ ಒಂದು ಯೋಜನೆಯ ಐದು ವರ್ಷದ ಅಂಕಿ ಸಾಲಾಗಿ ಬರೆಯಿರಿ. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ನಿಜವಾಗಿ ಖರ್ಚಾದ ಲೆಕ್ಕ ಈ ಮೂರೂ ಬೇರೆ ಬೇರೆ ಎಂಬುದು ಅಲ್ಲಿ ಕೈಗೆ ಸಿಗುತ್ತದೆ. ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುವಾಗ ಪಾಸ್ ತೆಗೆಸಿ ಒಂದು ದಿನ ಗ್ಯಾಲರಿಯಲ್ಲಿ ಕೂರಿ. ಪ್ರಶ್ನೋತ್ತರಕ್ಕೆ ಇಲಾಖೆ ಕೊಡುವ ಲಿಖಿತ ಉತ್ತರಗಳ ಅನುಬಂಧದಲ್ಲಿ ತಾಲ್ಲೂಕುವಾರು ಅಂಕಿ ಸಿಗುತ್ತವೆ.

ಹಣ ಮತ್ತು ಕಾಗದಪತ್ರ

ರೈತ ವಿದ್ಯಾನಿಧಿ 2021ರಲ್ಲಿ ಆರಂಭವಾದಾಗ ಬಿಎ, ಬಿಕಾಂ ಓದುವ ವಿದ್ಯಾರ್ಥಿನಿಯರಿಗೆ ವರ್ಷಕ್ಕೆ 5,500 ರೂಪಾಯಿ ಎಂದಿತ್ತು. ಅದಕ್ಕೆ ಅಪ್ಪನ ಹೆಸರಿನಲ್ಲಿ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಸಂಖ್ಯೆ ಇರಬೇಕು, ಹೊಲ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ತೊಡಕಾಗುವುದು ಇಲ್ಲೇ. ಹಿಂದುಳಿದ ವರ್ಗದವರಾಗಿದ್ದು ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ವರ್ಷಕ್ಕೆ 10 ತಿಂಗಳು ನೆರವಿನ ಹಣ ಬರುತ್ತದೆ. ಎಲ್ಲ ಅರ್ಜಿಗೂ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಾಣವೇ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ರೀತಿ ಇದೆಯೇ ನೋಡಿ, ಖಾತೆಗೆ ಆಧಾರ್ ಸೀಡಿಂಗ್ ಮಾಡಿಸಿ. ಹಣ ಬಾರದೆ ನಿಲ್ಲುವುದು ಹೆಚ್ಚಾಗಿ ಈ ಎರಡು ಕಾರಣಕ್ಕೆ. ಜಾತಿ–ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಫಲಿತಾಂಶ ಬರುವ ಮೊದಲೇ ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಒಂದರಿಂದ ಹತ್ತರವರೆಗಿನ ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆಯಿಂದ ಈಗಲೇ ತೆಗೆದಿಡಿ, ಮುಂದೆ ಸರ್ಕಾರಿ ನೇಮಕಾತಿಯಲ್ಲಿ ಬೇಕಾಗುತ್ತದೆ.

ಏಜೆಂಟರ ವಿಷಯ ಬಾಕಿ ಉಳಿಯಿತು. ವಿಶ್ವವಿದ್ಯಾಲಯಕ್ಕೆ ನೇರವಾಗಿ ಕಟ್ಟಿದ ಶುಲ್ಕಕ್ಕೆ ಯುಜಿಸಿಯ 2018ರ ಮರುಪಾವತಿ ನಿಯಮದ ರಕ್ಷಣೆ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟರೆ ಪೂರ್ತಿ ಹಣ, ಅದರಲ್ಲಿ ಹೆಚ್ಚೆಂದರೆ ಶೇ 5, ಅದೂ 5,000 ಮೀರದಂತೆ, ಹಿಡಿದುಕೊಳ್ಳಬಹುದು. ಆಮೇಲೆ ದಿನ ಕಳೆದಂತೆ ಶೇ 90, 80, 50 ಹೀಗೆ ಇಳಿದು, ಕೊನೆಯ ದಿನ ಕಳೆದು 30 ದಿನವಾದ ಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಯನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದೂ ಅದರಲ್ಲೇ ಇದೆ. ಏಜೆಂಟರ ಕೈಗೆ ಕೊಟ್ಟ 25,000ಕ್ಕೆ ಇದ್ಯಾವುದೂ ತಾಗುವುದಿಲ್ಲ, ಏಕೆಂದರೆ ಅದು ಶುಲ್ಕವೇ ಅಲ್ಲ. ಅವರು ಮತ್ತೆ ಫೋನ್ ಮಾಡಿದರೆ ಆರು ಸೆಮಿಸ್ಟರಿನ ಪಠ್ಯಕ್ರಮವನ್ನು ಲಿಖಿತವಾಗಿ ಕಳಿಸಲು ಹೇಳಿ, ಯಾವ ಕಾರಣಕ್ಕೂ ಅಂಕಪಟ್ಟಿಯ ಮೂಲ ಪ್ರತಿ ಕೊಡಬೇಡಿ.